ಯಾರ ಮಾತು ಯಾರದು

ಅಡಿಲೇಡ್
8 ಮಾರ್ಚ್ 2015

ಪ್ರೀತಿಯ ತಾತ,

ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ. ಉಳಿದರ್ಧವನ್ನು ಅಮ್ಮ ಪಕ್ಕದಲ್ಲಿ ನಿಂತು ಕೂಗಿ ಹೇಳುವಾಗ ತನಗೆ ಬೇಕಾದ ಹಾಗೆ ಬದಲಾಯಿಸಿಬಿಡುತ್ತಾಳೆ. ಅದಕ್ಕೇ ಈ ಕಾಗದ. ತಪ್ಪುಗಳಿಗೆ ಕೆಂಪು ಗೆರೆ ಎಳೆದು ವಾಪಸು ಕಳಿಸಿ, ಬೇಜಾರಿಲ್ಲ. ಹನ್ನೆರಡನೇ ವಯಸ್ಸಿಗೆ ಮೈಸೂರು ಬಿಟ್ಟು ಬಂದವಳ ಒತ್ತಕ್ಷರಗಳು ಇಷ್ಟಾದರೂ ನಿಂತಿವೆಯಲ್ಲ ಎಂದು ಮೊದಲು ಸ್ವಲ್ಪ ಸಂತೋಷಪಡಿ.

ನನ್ನ ಆನರ್ಸ್ ಪ್ರಬಂಧದ ವಿಷಯಕ್ಕೆ ಒಪ್ಪಿಗೆ ಸಿಕ್ಕಿತು. ಎರಡನೇ ಶತಮಾನದಲ್ಲಿ ಗ್ರೀಕ್ ತತ್ತ್ವಶಾಸ್ತ್ರ ಓದಿ ಬೆಳೆದ ಕೆಲವರು ಕ್ರೈಸ್ತರಾದರಲ್ಲ, ಅವರು ಹಳೆಯದನ್ನು ಬಿಟ್ಟು ಬಂದರೋ, ಹೊತ್ತುಕೊಂಡು ಬಂದರೋ? ಇದೇ ನನ್ನ ಪ್ರಶ್ನೆ. ಪರ್ತಿನ ಬೆಂಟ್ಲಿಯಲ್ಲಿ ಒಂದು ವರ್ಷ ಎಂಜಿನಿಯರಿಂಗ್ ಓದಿದವಳಿಗೆ ಈ ಪ್ರಶ್ನೆ ಎಲ್ಲಿಂದ ಬಂತು ಎಂದು ನನ್ನ ಗೈಡ್ ಕೇಳಿದರು. ನಮ್ಮ ತಾತ 1992ರಲ್ಲಿ ಕನ್ನಡದಲ್ಲಿ ಬರೆದ ನಲವತ್ತು ಪುಟದ ಪುಸ್ತಕದಿಂದ ಬಂತು ಎಂದೆ.

ಅದು ನಿಜವೇ ತಾನೆ. ಹದಿನಾರನೇ ವಯಸ್ಸಿನಲ್ಲಿ ನಿಮ್ಮ ಬೀರುವಿನಲ್ಲಿ 'ತತ್ತ್ವಜ್ಞಾನಿಯ ಹಾದಿ' ಸಿಗದೇ ಹೋಗಿದ್ದರೆ ನಾನು ಈಗ ಅಪ್ಪನ ಹಾಗೆ ಯಾವುದೋ ಗಣಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತಿರುತ್ತಿದ್ದೆ. ಎಂಜಿನಿಯರಿಂಗ್ ಬಿಡುತ್ತೇನೆ ಎಂದಾಗ ಅಮ್ಮ ಮೂರು ದಿನ ಮಾತು ಬಿಟ್ಟಿದ್ದಳು. ನೀವು ಕರೆದು ಕೂರಿಸಿಕೊಂಡು ಹೇಳಿದ ಮೇಲೆ ಒಪ್ಪಿದಳು. ನಾನದನ್ನು ಮರೆತಿಲ್ಲ.

ಪುಸ್ತಕದ ಹತ್ತು ಪುಟ ಇಂಗ್ಲಿಷಿಗೆ ಮಾಡಿ ಗೈಡ್‌ಗೆ ಕೊಟ್ಟಿದ್ದೆ. "ಕ್ರೈಸ್ತನಾದ ಮೇಲೂ ಅವನು ತತ್ತ್ವಜ್ಞಾನಿಯ ಹಾದಿಯನ್ನು ಬಿಡಲಿಲ್ಲ" ಎಂದು ಅಂಥ ಒಬ್ಬ ತತ್ತ್ವಜ್ಞಾನಿಯ ಬಗ್ಗೆ ಹೇಳುವ ವಾಕ್ಯವಿದೆಯಲ್ಲ, ಅಲ್ಲಿಂದ ನೀವು ಕಟ್ಟುವ ವಾದವನ್ನು ಇಷ್ಟು ಸರಳವಾಗಿ ಯಾರೂ ಹೇಳಿದ್ದು ನೋಡಿಲ್ಲ ಎಂದರು. ನನ್ನ ಮೊದಲ ಅಧ್ಯಾಯ ಪೂರ್ತಿ ಆ ವಾಕ್ಯದ ಮೇಲೇ ನಿಲ್ಲುತ್ತದೆ.

ಇನ್ನೊಂದು ಸುದ್ದಿ. ಬ್ರಿಸ್ಬೇನಿನ ಒಂದು ಚರ್ಚಿನ ವೆಬ್‌ಸೈಟಿನಲ್ಲಿ ಜಯಪ್ರಕಾಶ ಎಂಬ ನಿವೃತ್ತ ಪಾದ್ರಿಯೊಬ್ಬರ ಭಾಷಣ ಸಿಕ್ಕಿತು. ಇದೇ ವಿಷಯ. ಮೈಸೂರಿನ ಸೆಮಿನರಿಯಲ್ಲಿ ಪಾದ್ರಿಗಳಾಗಲು ಓದುವವರಿಗೆ ಗ್ರೀಕ್ ಕಲಿಸುತ್ತಿದ್ದರಂತೆ. ನಿಮಗೆ ಗೊತ್ತಿರಲೇಬೇಕು. ಅವರಿಗೂ ಬರೆದಿದ್ದೇನೆ.

ನಿಮ್ಮ ಮೊಮ್ಮಗಳು,
ಪ್ರಣತಿ


ಕ್ಯಾನಿಂಗ್ಟನ್, ಪರ್ತ್
21 ಮಾರ್ಚ್ 2015

ಚಿ. ಪ್ರಣತಿಗೆ ಆಶೀರ್ವಾದ.

ನಿನ್ನ ಕಾಗದದಲ್ಲಿ ಹನ್ನೊಂದು ತಪ್ಪುಗಳಿವೆ. ನಾನು ಹದಿನೈದು ನಿರೀಕ್ಷಿಸಿದ್ದೆ.

ವಿಷಯ ಒಳ್ಳೆಯದು. ಎರಡೂ ಕಡೆಯ ಮಾತು ಕೇಳಿಸಿಕೊಂಡು ಹೊರಡು. ಆ ಕಾಲದ ಗ್ರೀಕ್ ಮನೆಗಳಲ್ಲಿ ಮಕ್ಕಳ ಕೈ ಹಿಡಿದು ಪಾಠಶಾಲೆಯವರೆಗೆ ಬಿಟ್ಟು ಬರಲು ಒಬ್ಬ ಆಳು ಇರುತ್ತಿದ್ದ. ಗ್ರೀಕರ ಪಾಲಿಗೆ ತತ್ತ್ವಶಾಸ್ತ್ರ ಅಂಥ ಆಳು, ಅದೇ ಅವರನ್ನು ಕ್ರಿಸ್ತನ ಬಾಗಿಲವರೆಗೆ ಕರೆತಂದಿತು ಎಂದರು ಅಲೆಕ್ಸಾಂಡ್ರಿಯದವರು. ಎಲ್ಲ ಮನುಷ್ಯರ ಬುದ್ಧಿಯಲ್ಲೂ ದೇವರ ವಾಕ್ಯದ ಬೀಜ ಬಿದ್ದಿದೆ, ಕ್ರಿಸ್ತನಿಗೆ ಮೊದಲೇ ವಿವೇಕದಿಂದ ಬದುಕಿದವರೂ ನಮ್ಮವರೇ ಎಂದವರೂ ಇದ್ದರು. ಆಫ್ರಿಕಾದ ತೀರದಲ್ಲಿ ಕೂತು, ಅಥೆನ್ಸಿನ ಸಹವಾಸವೇ ಬೇಡ, ಎಲ್ಲ ಪಾಷಂಡಮತಗಳೂ ಹುಟ್ಟುವುದು ಅಲ್ಲೇ ಎಂದು ಬೈದವರೂ ಇದ್ದರು. ಬೈದವರೂ ಗ್ರೀಕರಿಂದ ಕಲಿತ ತರ್ಕದಲ್ಲೇ ಬೈದರು. ಇದನ್ನು ಅಡಿಟಿಪ್ಪಣಿಯಲ್ಲಿ ಹಾಕು, ಪರೀಕ್ಷಕರಿಗೆ ಖುಷಿಯಾಗುತ್ತದೆ.

ಜಯಪ್ರಕಾಶರ ಪರಿಚಯ ಮೈಸೂರಿನಲ್ಲಿದ್ದಾಗ ಇತ್ತು. ವಯಸ್ಸಾದವರು. ತೊಂದರೆ ಕೊಡಬೇಡ.

ನಿಮ್ಮಪ್ಪ ಎರಡು ವಾರದ ಗಣಿ ಪಾಳಿ ಮುಗಿಸಿ ಬಂದಿದ್ದಾನೆ. ಭಾನುವಾರ ಸ್ವಾನ್ ವ್ಯಾಲಿಗೆ ಕರೆದುಕೊಂಡು ಹೋಗಿದ್ದ. ದ್ರಾಕ್ಷಿ ಕೊಯ್ಲು ಮುಗಿಯುತ್ತಾ ಬಂದಿದೆ. ನಿಮ್ಮಮ್ಮ ಮೈಥಿಲಿ ಎರಡು ಬುಟ್ಟಿ ಕೊಂಡಳು, ಒಂದು ಬುಟ್ಟಿ ಹುಳಿ.

ಒಂದು ಮಾತು. ಪ್ರಬಂಧವನ್ನು ನನ್ನ ಪುಸ್ತಕದ ಮೇಲೆ ನಿಲ್ಲಿಸಬೇಡ. ಹಳೆಯ ಪುಸ್ತಕ ಅದು. ಮೂಲವನ್ನೇ ಓದು.

ನಿನ್ನ ತಾತ,
ಅನಂತಪದ್ಮನಾಭ


ಬ್ರಿಸ್ಬೇನ್
14 ಏಪ್ರಿಲ್ 2015

ಪ್ರಿಯ ಪ್ರಣತಿ,

ನಿನ್ನ ಇಮೇಲನ್ನು ಚರ್ಚಿನವರು ಅಚ್ಚು ಹಾಕಿಸಿ ತಂದುಕೊಟ್ಟರು. ಪರದೆಯ ಮೇಲೆ ಓದಲು ನನ್ನ ಕಣ್ಣು ಒಪ್ಪುವುದಿಲ್ಲ, ಹೀಗಾಗಿ ಕೈಬರಹದಲ್ಲಿ ಉತ್ತರ. ಕೊನೆಯಲ್ಲಿ "ಅನಂತಪದ್ಮನಾಭರ ಮೊಮ್ಮಗಳು" ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಕಾಗದವನ್ನು ಎರಡು ದಿನ ಮೇಜಿನ ಮೇಲೇ ಇಟ್ಟಿದ್ದೆ. ನಿಧಾನಕ್ಕೆ ಕ್ಷಮೆಯಿರಲಿ. ನನಗೀಗ ಎಪ್ಪತ್ತಾರು. ನಾನು, ನನ್ನ ಹೆಂಡತಿ ಶಾಂತಾ ಇಲ್ಲಿ ಮಗ ಅನಿಲನ ಮನೆಯಲ್ಲಿದ್ದೇವೆ.

'ತತ್ತ್ವಜ್ಞಾನಿಯ ಹಾದಿ'ಯ ಒಂದು ಪ್ರತಿ ನನ್ನಲ್ಲಿದೆ. ನೀನು ಅದರ ಮೇಲೆ ಅಧ್ಯಾಯ ಕಟ್ಟುತ್ತಿದ್ದೀಯ ಎಂದರೆ ಹೇಳಲೇಬೇಕಾದದ್ದು ಒಂದಿದೆ. ಹದಿನಾಲ್ಕನೇ ಪುಟದ ಆ ವಾಕ್ಯ ತಪ್ಪು. ಗ್ರೀಕಿನಲ್ಲಿ 'ತ್ರಿಬೋಸ್' ಎಂದರೆ ಹಾದಿ. 'ತ್ರಿಬೋನ್' ಎಂದರೆ ತತ್ತ್ವಜ್ಞಾನಿಗಳು ಹೊದೆಯುತ್ತಿದ್ದ ಒರಟು ಮೇಲಂಗಿ. ಮೂಲದಲ್ಲಿರುವುದು ಎರಡನೆಯದು. ಅಲ್ಲಿ ಅವನು ಹಾದಿ ಬಿಡಲಿಲ್ಲ ಎಂದಿಲ್ಲ, ಕ್ರೈಸ್ತನಾದ ಮೇಲೂ ಮೇಲಂಗಿ ಕಳಚಲಿಲ್ಲ ಎಂದಿದೆ. ಹಳೆಯ ಮುದ್ರಣದಲ್ಲಿ ಪದದ ಕೊನೆ ಮಸಕಾಗಿತ್ತು, ಹಾಗಾಗಿ ಆದದ್ದು.

ಸಣ್ಣ ವ್ಯತ್ಯಾಸ ಅನ್ನಿಸಬಹುದು, ಆದರೆ ಅಲ್ಲ. ಹಾದಿ ಬಿಡಲಿಲ್ಲ ಎಂದರೆ ಅವನು ಎಲ್ಲಿಯೂ ತಿರುಗಲೇ ಇಲ್ಲ ಎಂದಾಗುತ್ತದೆ. ಮೇಲಂಗಿ ಬಿಡಲಿಲ್ಲ ಎಂದರೆ ತಿರುಗಿದ, ಆದರೆ ಬೀದಿಯಲ್ಲಿ ಎದುರಾದ ಹಳೆಯ ಗೆಳೆಯರು ತನ್ನನ್ನು ಗುರುತಿಸಲಿ ಎಂದು ಬಯಸಿದ.

ಈ ತಪ್ಪು ಆ ಪುಸ್ತಕಕ್ಕಿಂತ ಹಳೆಯದು. ನಿಮ್ಮ ತಾತನನ್ನು ದೂಷಿಸಬೇಡ.

ಶುಭ ಹಾರೈಸುವ,
ಜಯಪ್ರಕಾಶ


ಅಡಿಲೇಡ್
3 ಮೇ 2015

ಪ್ರೀತಿಯ ತಾತ,

ಜಯಪ್ರಕಾಶ ಅಂಕಲ್ ಉತ್ತರ ಬರೆದರು. ಅದರ ನಕಲು ಈ ಲಕೋಟೆಯಲ್ಲೇ ಇದೆ, ಓದಿ. ಮೂಲವನ್ನು ಲೈಬ್ರರಿಯಲ್ಲಿ ತೆಗೆಸಿ ನೋಡಿದೆ, ಗೈಡ್‌ಗೂ ತೋರಿಸಿದೆ. ಅವರು ಹೇಳಿದ್ದೇ ಸರಿ. ಪುಸ್ತಕದ ಹೆಸರೇ ತಪ್ಪಾಯಿತಲ್ಲ ತಾತ.

ಅದರಿಂದ ನನಗೆ ದುಃಖವಿಲ್ಲ. ನನಗೆ ಅರ್ಥವಾಗದೇ ಉಳಿದದ್ದು ಅವರ ಕೊನೆಯ ಸಾಲು. ತಪ್ಪು ಪುಸ್ತಕಕ್ಕಿಂತ ಹಳೆಯದು ಎಂದರೇನು? ಪುಸ್ತಕಕ್ಕಿಂತ ಮೊದಲು ಆ ತಪ್ಪು ಎಲ್ಲಿತ್ತು? ಮುದ್ರಣ ಮಸಕಾಗಿತ್ತು ಎಂಬುದು ಅವರಿಗೆ ಹೇಗೆ ಗೊತ್ತು? ನಿಮ್ಮ ಮುನ್ನುಡಿಯಲ್ಲಿ "ಮಿತ್ರರೊಬ್ಬರ ಜೊತೆಗಿನ ಚರ್ಚೆಗಳು ಉಪಯುಕ್ತವಾದವು" ಎಂದಿದೆ. ಆ ಮಿತ್ರರು ಅವರೇನಾ?

ನಿಮ್ಮ ಬಗ್ಗೆ ಅವರು ಒಳ್ಳೆಯದನ್ನೂ ಬರೆದಿಲ್ಲ, ಕೆಟ್ಟದ್ದನ್ನೂ ಬರೆದಿಲ್ಲ. ನೀವು ಅವರ ಬಗ್ಗೆ ಬರೆದದ್ದು ಒಂದೇ ಸಾಲು. ಬರೀ ಪರಿಚಯ ಇರುವವರು ಒಬ್ಬರನ್ನೊಬ್ಬರು ಇಷ್ಟು ಜಾಗರೂಕತೆಯಿಂದ ದಾಟಿಕೊಂಡು ಹೋಗುವುದಿಲ್ಲ.

ಯಾರ ಹೆಸರನ್ನು ಎಲ್ಲಿ ಹಾಕಬೇಕು ಎಂದು ತಿಳಿಯದೆ ಮೊದಲ ಅಧ್ಯಾಯ ನಿಲ್ಲಿಸಿದ್ದೇನೆ.

ಪ್ರಣತಿ


ಅಡಿಲೇಡ್
28 ಜೂನ್ 2015

ತಾತ,

ಎಂಟು ವಾರವಾಯಿತು. ನೀವು ಕ್ಯಾನಿಂಗ್ ನದಿಯ ಕಡೆ ವಾಕಿಂಗ್ ಹೋಗುವುದನ್ನು ಬಿಟ್ಟಿದ್ದೀರಿ, ಊಟಕ್ಕೆ ಎರಡು ಸಲ ಕರೆಯಬೇಕು ಎಂದು ಅಮ್ಮ ಹೇಳಿದಳು. ಅವಳು ಅದನ್ನು ಚಳಿಯ ತಲೆಗೆ ಕಟ್ಟಿದ್ದಾಳೆ.

ನಾನು ಕೇಳಬಾರದ್ದನ್ನು ಕೇಳಿದ್ದರೆ ಹಾಗಂತ ಬರೆಯಿರಿ. ಎರಡನೇ ಅಧ್ಯಾಯ ಮುಗಿಯಿತು, ಮೊದಲನೆಯದು ಮಾತ್ರ ಹಾಗೇ ಇದೆ. ಏನಿದ್ದರೂ ಬೇರೆಯವರಿಂದ ತಿಳಿಯುವುದು ನನಗೆ ಇಷ್ಟವಿಲ್ಲ.

ನಿಮ್ಮ
ಪ್ರಣತಿ


ಕ್ಯಾನಿಂಗ್ಟನ್
2 ಆಗಸ್ಟ್ 2015

ಪ್ರಣತಿ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಹರಿದ ಕಾಗದಗಳಲ್ಲೆಲ್ಲ ನಾನು ಸ್ವಲ್ಪ ಒಳ್ಳೆಯವನಾಗಿ ಕಾಣುತ್ತಿದ್ದೆ. ಇದನ್ನು ಹಾಗೇ ಅಂಚೆಗೆ ಹಾಕುತ್ತೇನೆ.

ಆ ಪುಸ್ತಕ ನನ್ನದಲ್ಲ. ಕನ್ನಡದ ಓಟ ನನ್ನದು, ಕೊನೆಯ ಎಂಟು ಪುಟ ನನ್ನವು. ವಾದ, ಗ್ರೀಕ್ ಭಾಗಗಳ ಆಯ್ಕೆ, ಅವುಗಳ ಅನುವಾದ ಎಲ್ಲ ಜಯಪ್ರಕಾಶನದು.

ನಾವಿಬ್ಬರೂ ನಲವತ್ತೆಂಟನೇ ವಯಸ್ಸಿನ ಸುಮಾರಿನಲ್ಲಿ ಗೆಳೆಯರಾದವರು. ಆ ವಯಸ್ಸಿನಲ್ಲಿ ಹೊಸ ಗೆಳೆತನ ಹುಟ್ಟುವುದು ಅಪರೂಪ. ನಾನು ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರು, ಅವನು ಸೆಮಿನರಿಯಲ್ಲಿ ಗ್ರೀಕ್ ಮೇಷ್ಟ್ರು. ಪ್ರತಿ ಶನಿವಾರ ಸೈಕಲ್ ಹತ್ತಿ ಸರಸ್ವತೀಪುರದ ನಮ್ಮ ಮನೆಗೆ ಬರುತ್ತಿದ್ದ. ಅವನು ನನಗೆ ಗ್ರೀಕ್ ಹೇಳಿಕೊಟ್ಟ, ನಾನು ಅವನಿಗೆ ಸಂಸ್ಕೃತ ಹೇಳಿಕೊಟ್ಟೆ. "ನಮ್ಮ ಹಿರೀಕರು ಅಥೆನ್ಸ್‌ನ ಮನೆಯೊಳಗೆ ಕರ್ಕೊಂಡ್ರೋ, ಜಗಲಿ ಮೇಲೇ ಕೂರಿಸಿದ್ರೋ ಅನ್ನೋದು ನಂಗೆ ಗೊತ್ತಾಗ್ಬೇಕು ಅನಂತು" ಎಂದು ಒಂದು ದಿನ ಅಂದ. ಅಲ್ಲಿಂದ ಶುರುವಾಯಿತು. ಅವನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದ, ನಾನು ಪ್ರಶ್ನೆ ಹಾಕುತ್ತಾ ಹೋದೆ. ಮುಗಿದ ಮೇಲೆ ಎರಡೂ ಹೆಸರಿನಲ್ಲಿ ತರುವುದು ಎಂದು ಮಾತಾಗಿತ್ತು.

1991ರ ಆಗಸ್ಟಿನಲ್ಲಿ ಅವನ ಹೆಂಡತಿ ಶಾಂತಾ ಕಾಯಿಲೆ ಬಿದ್ದಳು. ವೆಲ್ಲೂರಿಗೆ ಕರೆದುಕೊಂಡು ಹೊರಟಾಗ ನೋಟ್‌ಬುಕ್ ನನ್ನ ಕೈಗೆ ಕೊಟ್ಟು, ನೀನು ಮುಂದುವರಿಸು, ಬಂದ ಮೇಲೆ ನೋಡೋಣ ಎಂದ. ಜನವರಿಯಲ್ಲಿ ನನಗೆ ರೀಡರ್ ಹುದ್ದೆಯ ಸಂದರ್ಶನ. ಪ್ರಕಟಣೆ ಒಂದೂ ಇರಲಿಲ್ಲ. ಅಚ್ಚಿಗೆ ಕೊಡುವಾಗ, ಅವನನ್ನು ಕೇಳುವ ಹೊತ್ತಲ್ಲ ಇದು, ಹೆಂಡತಿ ಆಸ್ಪತ್ರೆಯಲ್ಲಿರುವಾಗ, ಎಂದುಕೊಂಡೆ. ಎರಡನೇ ಮುದ್ರಣದಲ್ಲಿ ಹೆಸರು ಹಾಕಿದರಾಯಿತು ಎಂದುಕೊಂಡೆ. ಎರಡನೇ ಮುದ್ರಣ 1997ರಲ್ಲಿ ಬಂತು. ಆಗಲೂ ಹಾಕಲಿಲ್ಲ. ಅಷ್ಟು ಹೊತ್ತಿಗೆ ಎಲ್ಲರಿಗೂ ನಾನು ಆ ಪುಸ್ತಕದ ಮೇಷ್ಟ್ರಾಗಿದ್ದೆ.

ಅವನು 1992ರ ಮಾರ್ಚಿನ ಒಂದು ಶನಿವಾರ ಬಂದ. ಆರು ತಿಂಗಳಲ್ಲಿ ಅರ್ಧ ಆಳಾಗಿದ್ದ. ಪುಸ್ತಕ ಮೇಜಿನ ಮೇಲಿತ್ತು. ನಿಮ್ಮಜ್ಜಿ ಕಾಫಿ ತಂದಿಟ್ಟಳು. ಅವನು ಪುಟ ತಿರುಗಿಸಿದ, ಮುನ್ನುಡಿ ಓದಿದ, ಪುಸ್ತಕ ಮುಚ್ಚಿ ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟ.

"ಅಚ್ಚು ಚೆನ್ನಾಗಿ ಬಂದಿದೆ ಅನಂತು" ಎಂದ.

ಕಾಫಿ ಪೂರ್ತಿ ಕುಡಿದು ಎದ್ದು ಹೋದ. ಶಾಂತಾ ಗುಣವಾಗಿ ಮನೆಗೆ ಬಂದಳೆಂದು ಹೇಳಲು ಬಂದಿದ್ದನಂತೆ, ಆಮೇಲೆ ಬೇರೆಯವರಿಂದ ತಿಳಿಯಿತು. ಆ ಮಾತು ಹೇಳಲು ನಾನು ಅವನಿಗೆ ಅವಕಾಶವನ್ನೇ ಕೊಡಲಿಲ್ಲ. ಮತ್ತೆ ಅವನು ನಮ್ಮ ಮನೆಗೆ ಬರಲಿಲ್ಲ. ಬೈದಿದ್ದರೆ ನನ್ನಲ್ಲಿ ಉತ್ತರಗಳು ತಯಾರಿದ್ದವು.

ಗ್ರೀಕರು ತಮ್ಮ ಜ್ಞಾನವನ್ನೆಲ್ಲ ಯೆಹೂದ್ಯರ ಪ್ರವಾದಿ ಮೋಶೆಯಿಂದ ಕದ್ದರು ಎಂದು ಆ ಕಾಲದ ಕೆಲವು ಕ್ರೈಸ್ತರು ವಾದಿಸಿದರು. ನಮ್ಮವರ ಮಾತನ್ನೇ ಇವರು ಅರ್ಧಂಬರ್ಧ ಕೇಳಿಸಿಕೊಂಡು ತಮ್ಮದೆನ್ನುತ್ತಾರೆ ಎಂದು ಗ್ರೀಕರು ಎದುರು ವಾದಿಸಿದರು. ಈ ಪಾಠವನ್ನು ನಾನು ನಿವೃತ್ತಿಯವರೆಗೂ ಮಾಡಿದೆ. 'ಕದ್ದರು' ಎಂಬ ಮಾತು ಬಂದಾಗಲೆಲ್ಲ ಕಿಟಕಿಯ ಕಡೆ ತಿರುಗಿ ಹೇಳುತ್ತಿದ್ದೆ.

ನಿನ್ನ ಬದುಕಿನ ದಿಕ್ಕನ್ನು ತಿರುಗಿಸಿದ ಪುಸ್ತಕ ಅದು ಎಂದು ನೀನು ಬರೆದಾಗ ನನಗಾದದ್ದು ಸಂತೋಷವಲ್ಲ, ಹೆದರಿಕೆ. ನಿನಗೆ ಗುರು ಅವನು. ಪ್ರಬಂಧದಲ್ಲಿ ಹಾಗೆಯೇ ಬರೆ. ನನ್ನ ಮರ್ಯಾದೆಗೆಂದು ಒಂದು ಪದವನ್ನೂ ಮೆದು ಮಾಡಬೇಡ.

ಇದನ್ನು ನಿನ್ನ ಅಮ್ಮನಿಗೂ ಓದಿ ಹೇಳಿದೆ. ಅವಳು ಬಹಳ ಹೊತ್ತು ಪಕ್ಕದಲ್ಲಿ ಕೂತಿದ್ದಳು.

ತಾತ


ಕ್ಯಾನಿಂಗ್ಟನ್
9 ಆಗಸ್ಟ್ 2015

ಶ್ರೀ ಜಯಪ್ರಕಾಶರಿಗೆ,

ವಿಳಾಸವನ್ನು ಮೊಮ್ಮಗಳಿಂದ ಪಡೆದೆ.

ಇದರೊಂದಿಗೆ ಕಳಿಸುತ್ತಿರುವ ನೋಟ್‌ಬುಕ್ ನಿಮ್ಮದು. ಇಪ್ಪತ್ತನಾಲ್ಕು ವರ್ಷ ನನ್ನಲ್ಲಿತ್ತು. ಮೈಸೂರಿನ ಮನೆ ಖಾಲಿ ಮಾಡುವಾಗ ಎಷ್ಟೋ ಪುಸ್ತಕಗಳನ್ನು ಕೊಟ್ಟುಬಿಟ್ಟೆ, ಇದನ್ನು ಬಿಡಲೂ ಆಗಲಿಲ್ಲ, ಹಿಂದಿರುಗಿಸುವ ಧೈರ್ಯವೂ ಬರಲಿಲ್ಲ. ಸೂಟ್‌ಕೇಸಿನ ತಳದಲ್ಲಿ ಪರ್ತಿಗೆ ಬಂತು.

ನೀವು ಬರೆದದ್ದನ್ನು ನನ್ನದೆಂದು ಅಚ್ಚು ಹಾಕಿಸಿದೆ. ಆ ಪುಸ್ತಕದಿಂದ ಹುದ್ದೆ ಪಡೆದೆ, ಹೆಸರು ಪಡೆದೆ. ಇದನ್ನು ಮೊಮ್ಮಗಳಿಗೆ ತಿಳಿಸಿದ್ದೇನೆ. ಮೈಸೂರಿನಲ್ಲಿ ಆ ಪುಸ್ತಕ ತಂದ ಪ್ರಕಾಶಕರಿಗೂ ಬರೆದಿದ್ದೇನೆ. ಕ್ಷಮಿಸಿ ಎಂದು ಬರೆಯುವುದು ಸುಲಭ, ಹಾಗಾಗಿ ಅದನ್ನು ಕೊನೆಯಲ್ಲಿ ಇಟ್ಟೆ. ಕ್ಷಮಿಸಿ.

ಉತ್ತರ ಬರೆಯಲೇಬೇಕೆಂದಿಲ್ಲ.

ಅನಂತಪದ್ಮನಾಭ


ಬ್ರಿಸ್ಬೇನ್
6 ಸೆಪ್ಟೆಂಬರ್ 2015

ಅನಂತು,

'ನೀವು' ಎಂದು ಬರೆದಿದ್ದೀಯ. ಶಾಂತಾಗೆ ಓದಿ ಹೇಳಿದಾಗ ಅಲ್ಲಿಗೇ ನಿಲ್ಲಿಸಿ, ಅವರು ನಿಮಗೆ ಯಾವಾಗಿಂದ ನೀವು ಅಂತಾರೆ ಎಂದು ಕೇಳಿದಳು.

ನೋಟ್‌ಬುಕ್ ಬಂತು. ನನ್ನ ಅಕ್ಷರ ಆಗ ಎಷ್ಟು ನೆಟ್ಟಗಿತ್ತು. ಅಂಚಿನಲ್ಲಿ ನೀನು ಪೆನ್ಸಿಲಿನಲ್ಲಿ ಹಾಕಿದ ಪ್ರಶ್ನೆಗಳನ್ನು ಓದುತ್ತಾ ಕೂತೆ. ಅರ್ಧಕ್ಕೆ ಉತ್ತರ ನನಗೆ ಈಗಲೂ ಗೊತ್ತಿಲ್ಲ. ಕೊನೆಯ ಎಂಟು ಪುಟ ಮಾತ್ರ ನನ್ನವು ಎಂದು ಪ್ರಣತಿಗೆ ಬರೆದೆಯಂತೆ. ಅದು ಸುಳ್ಳು. ಆ ಪ್ರಶ್ನೆಗಳಿಲ್ಲದಿದ್ದರೆ ನಾನು ಬರೀ ಉಪದೇಶ ಬರೆಯುತ್ತಿದ್ದೆ. ತಪ್ಪು ಒಪ್ಪಿಕೊಳ್ಳುವಾಗಲೂ ನಿನಗೆ ಅಳತೆ ತಿಳಿಯುವುದಿಲ್ಲ.

ನಾನು ದೊಡ್ಡ ಮನಸ್ಸಿನಿಂದ ಸುಮ್ಮನಿದ್ದೆ ಎಂದುಕೊಂಡಿದ್ದರೆ ಅದನ್ನು ಬಿಟ್ಟುಬಿಡು. ಮೊದಲ ವರ್ಷ ನಿನ್ನ ಬೀದಿಯಲ್ಲಿ ಸೈಕಲ್ ಹೋಗದ ಹಾಗೆ ಸುತ್ತು ಹಾಕಿ ಹೋಗುತ್ತಿದ್ದೆ. ಸೆಮಿನರಿಯಲ್ಲಿ ನಿನ್ನ ಪುಸ್ತಕವನ್ನು ಯಾರಾದರೂ ಹೊಗಳಿದರೆ ಹೌದು ಹೌದು ಎಂದು ತಲೆಯಾಡಿಸಿ, ಅನ್ಯಾಯಕ್ಕೊಳಗಾದವನು ನಾನು ಎಂದು ಒಳಗೊಳಗೇ ಸುಖಪಡುತ್ತಿದ್ದೆ. ಒಂದು ಮಾತು ಆಡಿದ್ದರೆ ಜಗಳವಾಗುತ್ತಿತ್ತು, ಜಗಳ ಮುಗಿಯುತ್ತಿತ್ತು. ನನಗೆ ಅದು ಮುಗಿಯುವುದು ಬೇಕಿರಲಿಲ್ಲ.

ಪುಸ್ತಕದ ಮಾತು ಇಷ್ಟೇ. ಆದರೆ ನಿನ್ನ ಕಾಗದದಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ. ವೆಲ್ಲೂರಿನಲ್ಲಿ ಆರು ತಿಂಗಳಿದ್ದೆವು. ಎರಡು ಸಲ ಡಾಕ್ಟರು ಊರಿನವರಿಗೆ ತಿಳಿಸಿಬಿಡಿ ಎಂದರು. ಅನಿಲ ಆಗ ಹತ್ತನೇ ತರಗತಿ, ನನ್ನ ತಂಗಿಯ ಮನೆಯಲ್ಲಿದ್ದ. ದಿನಾ ಹನ್ನೊಂದು ಗಂಟೆಗೆ ವಾರ್ಡಿನ ಬಾಗಿಲಿಗೆ ಪೋಸ್ಟ್‌ಮ್ಯಾನ್ ಬರುತ್ತಿದ್ದ. ನಿನ್ನಿಂದ ಒಂದು ಕಾರ್ಡ್ ಬರಲಿಲ್ಲ ಅನಂತು. ಪುಸ್ತಕ ನೋಡಿದ ದಿನ ಅದಕ್ಕೆ ಕಾರಣ ತಿಳಿಯಿತು. ನನ್ನ ನೋಟ್‌ಬುಕ್ ನಿನ್ನ ಮೇಜಿನ ಮೇಲಿರುವಾಗ ನನಗೆ ಕಾಗದ ಬರೆಯಲು ನಿನ್ನ ಕೈ ಏಳಲಿಲ್ಲ. ಪುಸ್ತಕವನ್ನು ನಾನು ಎಂದೋ ಬಿಟ್ಟುಕೊಟ್ಟೆ. ಆ ಕಾರ್ಡನ್ನು ಬಿಟ್ಟುಕೊಡಲು ಇಷ್ಟು ವರ್ಷ ಬೇಕಾಯಿತು, ಪೂರ್ತಿ ಆಗಿದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಗ್ರೀಕರು ನಮ್ಮಿಂದ ಕದ್ದರು ಎಂದ ಹಿರಿಯರ ಬಗ್ಗೆ ಮೊನ್ನೆ ಚರ್ಚಿನಲ್ಲಿ ಮಾತಾಡಬೇಕಿತ್ತು. ಬೇರೆಯವರಿಂದ ಕಲಿತೆವು ಎಂದು ಒಪ್ಪಿಕೊಳ್ಳಲು ಅವರಿಗೆ ಭಯವಿತ್ತು, ಎಲ್ಲಿ ತಾವು ಸಣ್ಣವರಾಗುತ್ತೇವೋ ಎಂದು. ಭಯವಿಲ್ಲದವರು ಮಾತ್ರ ಬೀಜ ಎಲ್ಲೆಲ್ಲೂ ಬಿದ್ದಿದೆ ಎಂದರು. ಇದನ್ನು ಹೇಳಿ ಮನೆಗೆ ಬಂದೆ, ನಿನ್ನ ಪೊಟ್ಟಣ ಬಂದು ಕೂತಿತ್ತು. ಉಪದೇಶ ಮಾಡಿದ ದಿನವೇ ಪರೀಕ್ಷೆ ಬರಬಾರದು.

ಪ್ರಣತಿ ನವೆಂಬರಿನಲ್ಲಿ ಪ್ರಬಂಧ ಮಂಡಿಸುತ್ತಾಳಂತೆ, ನಮ್ಮಿಬ್ಬರನ್ನೂ ಕರೆದಿದ್ದಾಳೆ. ನಾವು ಹೋಗುವುದೆಂದು ಅನಿಲ ಟಿಕೆಟ್ ಮಾಡಿದ್ದಾನೆ.

ಜಯಪ್ರಕಾಶ

ಅನಂತಣ್ಣನವರಿಗೆ ಶಾಂತಾ ಬರೆಯುವುದು. ಇವರು ಕಾರ್ಡಿನ ವಿಷಯ ಬರೆದದ್ದು ಓದಿದೆ. ಸತ್ಯವೇ. ನನಗೂ ನೋವಾಗಿತ್ತು. ನಾನು ಬದುಕಿ ಇಪ್ಪತ್ತಮೂರು ವರ್ಷವಾಯಿತು, ಬಂದು ನೋಡಿ.


ಅಡಿಲೇಡ್
15 ನವೆಂಬರ್ 2015

ಅಮ್ಮ,

ಫೋನ್ ಮಾಡಿದಾಗ ಎಲ್ಲ ಚೆನ್ನಾಗಾಯಿತು ಎಂದಷ್ಟೇ ಹೇಳಿದೆ. ಅವರೆಲ್ಲ ಪಕ್ಕದಲ್ಲೇ ಇದ್ದರು. ಈಗ ಮೂವರೂ ಬೊಟಾನಿಕ್ ಗಾರ್ಡನ್ನಿಗೆ ಹೋಗಿದ್ದಾರೆ. ಇಂಗ್ಲಿಷಿನಲ್ಲಿ ಮೆಸೇಜ್ ಮಾಡಿದರೆ ಮುಗಿಯುತ್ತಿತ್ತು, ಆದರೆ ಇದನ್ನು ಕನ್ನಡದಲ್ಲೇ ಹೇಳಬೇಕು ಅನ್ನಿಸಿತು.

ಬ್ರಿಸ್ಬೇನ್ ವಿಮಾನ ಮೊದಲು ಬಂತು. ಜಯಪ್ರಕಾಶ ಅಂಕಲ್ ಎತ್ತರದ ಮನುಷ್ಯ, ಸ್ವಲ್ಪ ಬಾಗಿದ್ದಾರೆ. ಶಾಂತಾ ಆಂಟಿ ಸಣ್ಣಗೆ, ಚುರುಕು. ತಾತನ ವಿಮಾನಕ್ಕೆ ಇನ್ನೂ ಒಂದು ಗಂಟೆ ಇತ್ತು. ನೀವು ಮನೆಗೆ ಹೋಗಿರಿ, ಟ್ಯಾಕ್ಸಿ ಮಾಡಿಕೊಡುತ್ತೇನೆ ಎಂದೆ. ಅಂಕಲ್ ಕುರ್ಚಿಯಲ್ಲಿ ಕೂತು ಬಾಗಿಲ ಕಡೆ ನೋಡುತ್ತಾ, ಕಾಯುವುದು ಅಭ್ಯಾಸವಿದೆ ಎಂದರು.

ತಾತ ಹೊರಗೆ ಬಂದು ಅವರನ್ನು ನೋಡಿ ನಿಂತುಬಿಟ್ಟರು. ಹಿಂದಿನವರ ಟ್ರಾಲಿಗಳೆಲ್ಲ ನಿಂತವು. ಅಂಕಲ್ ಕೂಡ ಎದ್ದು ನಿಂತವರು ಮುಂದೆ ಬರಲಿಲ್ಲ. ಆಂಟಿಯೇ ಹೋಗಿ ತಾತನ ಕೈಯಿಂದ ಬ್ಯಾಗ್ ತೆಗೆದುಕೊಂಡರು. ತಾತ ಅವರಿಗೆ ಕೈಮುಗಿದರು, ಏನೋ ಹೇಳಲು ಹೋದರು.

"ಆಮೇಲೆ ಹೇಳೋರಂತೆ. ಮೊದ್ಲು ದಾರಿ ಬಿಡಿ, ಜನ ನಿಂತಿದಾರೆ" ಎಂದರು ಆಂಟಿ.

ಕಾರಿನಲ್ಲಿ ಇಬ್ಬರೂ ಹಿಂದೆ ಕೂತರು. ಒಬ್ಬರು ಆ ಕಿಟಕಿ, ಇನ್ನೊಬ್ಬರು ಈ ಕಿಟಕಿ ನೋಡುತ್ತಿದ್ದರು. ಮಾರನೇ ಬೆಳಿಗ್ಗೆ ನಾನು ಎದ್ದು ಬಂದಾಗ ಅಡುಗೆಮನೆಯ ಮೇಜಿನ ಎದುರುಬದುರು ಕೂತಿದ್ದರು. ಇಬ್ಬರ ಕಣ್ಣೂ ಕೆಂಪಾಗಿದ್ದವು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ನೀನೂ ಕೇಳಬೇಡ. ತಾತ ನನ್ನನ್ನು ನೋಡಿ, ಇವನಿಗೆ ಈಗಲೂ ಸಕ್ಕರೆ ಮೂರು ಚಮಚ ಬೇಕಂತೆ ಎಂದರು.

ಮಂಡನೆಗೆ ಇಪ್ಪತ್ತು ಜನ ಬಂದಿದ್ದರು. ಹಾದಿ, ಮೇಲಂಗಿ ಎರಡೂ ಪದಗಳು ಗ್ರೀಕಿನಲ್ಲಿ ಸವೆಯುವುದು ಎಂಬ ಒಂದೇ ಧಾತುವಿನಿಂದ ಬಂದವು ಎಂದು ಶುರು ಮಾಡಿದೆ. ಆ ತತ್ತ್ವಜ್ಞಾನಿ ತನ್ನ ಮೇಲಂಗಿಯನ್ನು ಇಟ್ಟುಕೊಂಡದ್ದು ಹೊಸಬರನ್ನು ಮರುಳು ಮಾಡಲಿಕ್ಕಲ್ಲ, ಹಳಬರ ಜೊತೆ ಮಾತು ಕಡಿಯದಿರಲಿ ಎಂದು. ಕ್ರೈಸ್ತರು ಗ್ರೀಕರಿಂದ ಪಡೆದದ್ದನ್ನು ಗ್ರೀಕರು ಗುರುತಿಸಲಾರದಷ್ಟು ಬದಲಾಯಿಸಿದರು, ಆದರೂ ಆ ಗುರುತನ್ನು ಅಳಿಸಿಹಾಕಲಿಲ್ಲ. ಇದು ನನ್ನ ವಾದ. ಇದನ್ನು ನನಗೆ ಕಲಿಸಿದ್ದು ಇಬ್ಬರು ಬರೆದ ಒಂದು ಕನ್ನಡ ಪುಸ್ತಕ ಎಂದು ಹೇಳಿ ಮುಖಪುಟದ ಚಿತ್ರದ ಕೆಳಗೆ ಇಬ್ಬರ ಹೆಸರನ್ನೂ ಪರದೆಯ ಮೇಲೆ ತೋರಿಸಿದೆ.

ಪ್ರಶ್ನೆಯ ಸಮಯದಲ್ಲಿ ಒಬ್ಬರು, ಪುಸ್ತಕದ ಮುಖಪುಟದ ಚಿತ್ರದಲ್ಲಿ ಒಂದೇ ಹೆಸರಿದೆಯಲ್ಲ ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ತಾತ ಎದ್ದು ನಿಂತರು. ಅವರ ಮೈಸೂರು ಇಂಗ್ಲಿಷಿನಲ್ಲಿ, ತಡವರಿಸದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆ ಹೆಸರಿನ ಮನುಷ್ಯ ನಾನೇ, ಪುಸ್ತಕ ಬರೆದವರು ಇವರು, ಇವರ ಹೆಸರನ್ನು ಬಿಟ್ಟವನು ನಾನು, ಇಪ್ಪತ್ತಮೂರು ವರ್ಷದ ಹಿಂದೆ ಮಾಡಬೇಕಾದ ತಿದ್ದುಪಡಿ ಇದು. ಅಂಕಲ್ ಕೂತಲ್ಲಿಂದಲೇ ತಾತನ ಕೋಟಿನ ತುದಿ ಹಿಡಿದು ಎಳೆದರು.

"ಕೂತ್ಕೊ ಅನಂತು. ಪ್ರಶ್ನೆ ಕೇಳಿದ್ದು ಹುಡುಗೀನ."

ಬಂದಿದ್ದವರಿಗೆ ಕನ್ನಡ ಬರುವುದಿಲ್ಲ, ಆದರೂ ಅರ್ಧ ಸಭೆ ನಕ್ಕಿತು. ತಾತ ಕೂತರು. ಕೂತ ಮೇಲೆ ಅಂಕಲ್ ಕೋಟು ಬಿಡಲಿಲ್ಲ, ಹಿಡಿದೇ ಇದ್ದರು.

ಅಂದಿನಿಂದ ಮನೆಯಲ್ಲಿ ಶಾಂತಿಯಿಲ್ಲ ಅಮ್ಮ. ಪುಸ್ತಕವನ್ನು ಮೊದಲಿನಿಂದ ಬರೆಯುತ್ತಾರಂತೆ. ಪ್ರಕಾಶಕರು ಒಪ್ಪಿದ್ದಾರೆ. ಹೊಸ ಹೆಸರೇನಿರಬೇಕು ಎಂಬುದರ ಮೇಲೆ ನಿನ್ನೆ ಎರಡು ಗಂಟೆ ಜಗಳವಾಯಿತು. ತಾತನಿಗೆ ಕೇಳಿಸುವುದಿಲ್ಲ ಎಂದು ಅಂಕಲ್ ಕೂಗುತ್ತಾರೆ, ಅಂಕಲ್ ಕೂಗುತ್ತಾರೆ ಎಂದು ತಾತನೂ ಕೂಗುತ್ತಾರೆ. ಕೆಳಗಿನ ಮನೆಯವರು ಬಂದು ಎಲ್ಲ ಸರಿಯಾಗಿದೆಯೇ ಎಂದು ವಿಚಾರಿಸಿದರು. ಆಂಟಿ ಅವರನ್ನು ಒಳಗೆ ಕರೆದು ಉಪ್ಪಿಟ್ಟು ಕೊಟ್ಟರು.

ಈಗ ನಾನು ಈ ಕಾಗದ ಬರೆಯುತ್ತಿರುವ ಕಾರಣಕ್ಕೆ ಬರುತ್ತೇನೆ. ಬೆಳಿಗ್ಗೆ ತಾತ ನನ್ನ ರೂಮಿನ ಬಾಗಿಲಲ್ಲಿ ನಿಂತು, ಮಂಗಳವಾರದ ಪರ್ತ್ ಟಿಕೆಟ್ಟನ್ನು ಕ್ಯಾನ್ಸಲ್ ಮಾಡಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಯಾಕೆ ಎಂದೆ. ಜಯಪ್ರಕಾಶನ ಮನೆಯಲ್ಲಿ ದೊಡ್ಡ ಮೇಜು ಇದೆಯಂತೆ ಎಂದರು. ಎಷ್ಟು ದಿನಕ್ಕೆ ಎಂದೆ. ಅವರು ತಿರುಗಿ ಅಂಕಲ್‌ನ ಮುಖ ನೋಡಿದರು. ಅಂಕಲ್ ಅಡುಗೆಮನೆಯಿಂದಲೇ ಹೇಳಿದರು: "ಪುಸ್ತಕ ಮುಗಿಯೋವರೆಗೆ."

ಟಿಕೆಟ್ಟನ್ನು ಬ್ರಿಸ್ಬೇನಿಗೆ ಬದಲಾಯಿಸಿದ್ದೇನೆ. ತಾತನ ಬಿಪಿ ಮಾತ್ರೆಗಳು ಹತ್ತು ದಿನಕ್ಕೆ ಮಾತ್ರ ಇವೆ. ಮೂರು ತಿಂಗಳಿಗೆ ಆಗುವಷ್ಟನ್ನು, ಜೊತೆಗೆ ನಾಲ್ಕು ಕಾಟನ್ ಪಂಚೆ, ಓದುವ ಕನ್ನಡಕ, ಎಲ್ಲವನ್ನೂ ಬ್ರಿಸ್ಬೇನ್ ವಿಳಾಸಕ್ಕೆ ಕಳಿಸು.

ನಿನ್ನ
ಪ್ರಣತಿ